ವಾಟರ್ ಕೂಲಿಂಗ್ ಇದ್ದರೆ ಗೇಮಿಂಗ್ ಪಿಸಿ ಬಿಸಿಯೇ ಆಗುವುದಿಲ್ಲವೇ?

‘ವಾಟರ್ ಕೂಲಿಂಗ್ ಇದೆ, ಎಷ್ಟು ಹೊತ್ತು ಆಡಿದರೂ ಬಿಸಿಯಾಗಲ್ಲ’ ಎಂಬ ಮಾತು ನಂಬಿ ಲಕ್ಷಗಟ್ಟಲೆ ಕೊಟ್ಟು ರೆಡಿಮೇಡ್ ಗೇಮಿಂಗ್ ಪಿಸಿ ಕೊಳ್ಳುವವರಿದ್ದಾರೆ. ಆದರೆ ನೀರು ಬಿಸಿಯನ್ನು ನುಂಗಿಹಾಕುವುದಿಲ್ಲ. ಪ್ರೊಸೆಸರ್‌ನಿಂದ ರೇಡಿಯೇಟರ್‌ಗೆ ಸಾಗಿಸುತ್ತದೆ, ಅಷ್ಟೆ. ಅಲ್ಲಿಂದ ಹೊರಹಾಕುವುದು ಫ್ಯಾನಿನ ಗಾಳಿ.

ಬಳ್ಳಾರಿ ಬಳಿಯ ಕುಡತಿನಿಯನ್ನೇ ನೋಡಿ. ಅಲ್ಲಿನ 1,700 ಮೆಗಾವಾಟ್ ಶಾಖೋತ್ಪನ್ನ ವಿದ್ಯುತ್ ಕೇಂದ್ರವೂ ತಣ್ಣಗಾಗುವುದು ನೀರಿನಿಂದಲೇ. ಆದರೆ ಕೂಲಿಂಗ್ ಟವರ್‌ನಲ್ಲಿ ಒಂದಿಷ್ಟು ನೀರು ಆವಿಯಾಗಿ ಹೋಗುತ್ತದೆ. ಹಾಗಾಗಿ ಒಣಹವೆಯಲ್ಲಿ ಉಳಿದ ನೀರು ಹೊರಗಿನ ಗಾಳಿಗಿಂತ ತಂಪಾಗಬಲ್ಲದು, ಮಡಕೆಯ ನೀರಿನ ಹಾಗೆ. ಪಿಸಿಯ ನೀರು ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ. ಬೇಸಿಗೆಯಲ್ಲಿ ಕೋಣೆ 40 ಡಿಗ್ರಿ ಇದ್ದರೆ ಅದು 40ಕ್ಕಿಂತ ಕೆಳಗಿಳಿಯಲಾರದು.

ಆದ್ದರಿಂದ ಬಣ್ಣದ ಲೈಟು, ಗಾಜಿನ ಬಾಗಿಲು ನೋಡಿ ಗುಣಮಟ್ಟ ಅಳೆಯಬೇಡಿ. ರೇಡಿಯೇಟರ್‌ಗೆ ಗಾಳಿ ಆಡಲು ಜಾಲರಿ ಇದೆಯೇ, ಧೂಳಿನ ಫಿಲ್ಟರ್ ಸುಲಭವಾಗಿ ಬಿಚ್ಚಿ ತೊಳೆಯಲು ಬರುತ್ತದೆಯೇ ನೋಡಿ. ಪಂಪು ಎಲ್ಲಕ್ಕಿಂತ ಎತ್ತರದಲ್ಲಿ ಇರಕೂಡದು. ವರ್ಷ ಕಳೆದಂತೆ ಕೊಳವೆಯ ಗೋಡೆಯಿಂದ ತುಸು ನೀರು ಇಂಗಿಹೋಗಿ ಒಳಗೆ ಗಾಳಿ ಸೇರುತ್ತದೆ, ಅದು ಮೇಲಕ್ಕೇ ಏರುತ್ತದೆ. ಪಂಪಿನಲ್ಲಿ ಸಿಕ್ಕಿಕೊಂಡರೆ ಮೊದಲು ಗೊರಗೊರ ಸದ್ದು, ಆಮೇಲೆ ಪಂಪಿಗೇ ಕುತ್ತು. ಪವರ್ ಸಪ್ಲೈ ಯಾವ ಕಂಪನಿಯದೆಂದು ಬಿಲ್ಲಿನಲ್ಲಿ ಬರೆಯದವರನ್ನು ನಾವಂತೂ ನಂಬುವುದಿಲ್ಲ.

ಅಂಗಡಿಯ ಎಸಿಯಲ್ಲಿ ಐದು ನಿಮಿಷ ಓಡಿಸಿ ತೋರಿಸಿದರೆ ಏನೂ ತಿಳಿಯದು, ನೀರು ಕಾಯಲು ಹೊತ್ತು ಬೇಕು. ಅರ್ಧ ಗಂಟೆ ಭಾರೀ ಗೇಮ್ ಓಡಿಸಿ, ಪ್ರೊಸೆಸರ್‌ನ ತಾಪಮಾನ ಏರುತ್ತಲೇ ಇದೆಯೇ, ಒಂದು ಕಡೆ ನಿಂತಿತೇ ಗಮನಿಸಿ. ಅಂಗಡಿ 24 ಡಿಗ್ರಿ, ನಿಮ್ಮ ಮನೆ 40 ಆದರೆ, ಕಂಡ ಅಂಕಿಗೆ ಇನ್ನೂ ಸುಮಾರು 16 ಸೇರಿಸಿಕೊಳ್ಳಿ.