ಮಗಳ ಓದಿಗೆ ಇನ್ನೈದು ವರ್ಷ

ಕಾರ್ತಿಕ ಮಾಸದ ಒಂದು ಸೋಮವಾರ ಶ್ರೀಮಠದಲ್ಲಿ ಪ್ರಸಾದವಾದ ಮೇಲೆ ಬೆಳಗಾವಿ ಜಿಲ್ಲೆಯ ಭಕ್ತರೊಬ್ಬರು ನಮ್ಮ ಬಳಿ ಕುಳಿತು ಮನೆಯ ಚಿಂತೆಯನ್ನು ಬಿನ್ನವಿಸಿಕೊಂಡರು. ಮಗಳು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದಾಳೆ, ಪಿಎಚ್.ಡಿ. ಮಾಡುವೆನೆನ್ನುತ್ತಾಳೆ. ದನದ ಮೈಮೇಲಿನ ಉಣ್ಣಿಗಳನ್ನು ಕುರಿತು ಸಂಶೋಧನೆಯಂತೆ! "ಗುರುಗಳೇ, ಹೊಲ ಒತ್ತೆಯಿಟ್ಟು ಇಲ್ಲಿಯವರೆಗೆ ಓದಿಸಿದೆವು. ಇನ್ನೈದು ವರ್ಷಕ್ಕೆ ಎಲ್ಲಿಂದ ತರಲಿ? ಕನ್ಯೆ ನೋಡಲು ಬರುವವರಿಗೆ ಏನು ಹೇಳಲಿ?" ಎಂದರು.

ಎರಡನೆಯ ಪ್ರಶ್ನೆಗೆ ಉತ್ತರವನ್ನು ಅವರು ಮನೆಯಲ್ಲಿಯೇ ಕಂಡುಕೊಳ್ಳಬೇಕು. ಮೊದಲನೆಯದಕ್ಕೆ ನಾವು ಹೇಳಿದ್ದು ಇಷ್ಟೆ: ಅರ್ಹತೆ ಪಡೆದ ಮಗಳಿಗೆ ತಂದೆ ಹಣ ಹೊಂದಿಸಬೇಕಾಗಿಲ್ಲ, ಸರ್ಕಾರವೇ ಕೊಡುತ್ತದೆ. ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಧಾರೆಯೆರೆದ ಜಿಲ್ಲೆಯವರಿಗೂ ಈ ಸಂಗತಿ ತಿಳಿಯದಿದ್ದುದು ನಮಗೆ ಸೋಜಿಗವೆನಿಸಿತು.

ಸಿ.ಎಸ್.ಐ.ಆರ್. ಮತ್ತು ಯು.ಜಿ.ಸಿ. ಹೆಸರಿನ ನೆಟ್ ಪರೀಕ್ಷೆಯಲ್ಲಿ ಜೀವವಿಜ್ಞಾನವೂ ಒಂದು ವಿಷಯ. ಅದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಕಿರಿಯ ಸಂಶೋಧನಾ ಶಿಷ್ಯವೇತನ ದೊರೆಯುತ್ತದೆ. 2023ರ ಜನವರಿ 1ರಿಂದ ಇದು ತಿಂಗಳಿಗೆ 31,000 ರೂಪಾಯಿಯಿಂದ 37,000ಕ್ಕೆ ಏರಿತು. ಎರಡು ವರ್ಷಗಳ ಕೆಲಸವನ್ನು ಪರಿಶೀಲಿಸಿದ ಬಳಿಕ ಹಿರಿಯ ಶಿಷ್ಯವೇತನ, 42,000. ವಸತಿ ಸಿಗದವರಿಗೆ ಮನೆ ಬಾಡಿಗೆ ಭತ್ಯೆಯೂ ಉಂಟು. ಒಟ್ಟು ಐದು ವರ್ಷ. ವಯೋಮಿತಿಯಿದೆ, ಹೆಣ್ಣುಮಕ್ಕಳಿಗೆ ಅದರಲ್ಲಿ ಐದು ವರ್ಷದ ಸಡಿಲಿಕೆಯಿದೆ. ಜೈವಿಕ ತಂತ್ರಜ್ಞಾನ ಇಲಾಖೆಯ ಬೆಟ್ ಪರೀಕ್ಷೆ ಇನ್ನೊಂದು ದಾರಿ. ಬಿ.ಎಸ್ಸಿ. ಮಾತ್ರ ಮುಗಿಸಿದವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಾಮ್ ಪರೀಕ್ಷೆಯ ಮೂಲಕ ಸಂಯುಕ್ತ ಪಿಎಚ್.ಡಿ. ಇದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳವಾಗಿದೆ. ನೆಟ್ ತೇರ್ಗಡೆಯಾದವರೆಲ್ಲರಿಗೂ ಶಿಷ್ಯವೇತನವಿಲ್ಲ. ಶಿಷ್ಯವೇತನ ದೊರೆತವರಿಗೂ ಪಿಎಚ್.ಡಿ. ಪ್ರವೇಶ ತಾನಾಗಿ ಬರುವುದಿಲ್ಲ. ಮಾರ್ಗದರ್ಶಕರನ್ನು ಹುಡುಕಿ, ಸಂಸ್ಥೆಯ ಸಂದರ್ಶನ ಗೆದ್ದು ಸೇರಬೇಕು. ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷುಗಳಲ್ಲಿ ಮಾತ್ರ ಇರುತ್ತದೆ. ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಂಬುದನ್ನೂ ಮರೆಯಬಾರದು. ಇನ್ನು, ಹಣ ಪಡೆದು ಪ್ರಬಂಧ ಬರೆದುಕೊಡುವೆವೆಂಬ ಮಧ್ಯವರ್ತಿಗಳನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಬೇಡಿರಿ.

ಹಣ ತಿಂಗಳ ಮೊದಲ ದಿನವೇ ಕೈಸೇರುತ್ತದೆಂದೂ ನಂಬಬಾರದು. ನಾವು ಬಲ್ಲ ಹುಡುಗನೊಬ್ಬನಿಗೆ ಒಮ್ಮೆ ನಾಲ್ಕು ತಿಂಗಳು ಬರಲೇ ಇಲ್ಲ. ಆತ ಪ್ರಸಾದನಿಲಯದ ಊಟದಿಂದ ಕಾಲ ನೂಕಿದ. ಆದುದರಿಂದ ಮೊದಲ ವರ್ಷಕ್ಕೆ ಕೊಂಚ ಗಂಟು ಮನೆಯಲ್ಲಿರಲಿ.

ಉಣ್ಣಿಯ ಮಾತನ್ನು ಆ ತಂದೆ ನಗುತ್ತಲೇ ಹೇಳಿದ್ದರು. ನಾವು ನಗಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರು ಜ್ವರದಿಂದ ಮಲಗಿದರು. ಉಣ್ಣಿಯ ಕಡಿತದಿಂದ ಹರಡುವ ಆ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಬಿಟ್ಟಿಲ್ಲ. ರೋಗಾಣುವನ್ನೇ ಕೊಲ್ಲುವ ಔಷಧವಿಲ್ಲ. ರೋಗಿಯನ್ನು ಆರೈಕೆಯಿಂದಲೇ ಉಳಿಸಿಕೊಳ್ಳಬೇಕು. ಕಟ್ಟಿಗೆ, ಸೊಪ್ಪು ತರಲು ಕಾಡಿಗೆ ಹೋಗುವ ಬಡವರಿಗೇ ಅದು ತಗಲುವುದು ಹೆಚ್ಚು. ಇದನ್ನು ಕೇಳಿದ ಮೇಲೆ ಆ ಹಿರಿಯರು ಬಹಳ ಹೊತ್ತು ಮಾತನಾಡಲಿಲ್ಲ.

ಮಗಳು ಅರ್ಜಿ ತುಂಬಿದ್ದಾಳೆಂದು ಮೊನ್ನೆ ಪತ್ರ ಬಂದಿದೆ. ಫಲಿತಾಂಶ ಬರುವವರೆಗೆ ವರನ ಕಡೆಯವರಿಗೆ ತಡೆಯಿರೆಂದು ಹೇಳಿದ್ದಾರಂತೆ.