ಯಾರ ಎದುರಿಗೆ ಹಾಡಿದ ಹಾಡು?



ಬಳ್ಳಾರಿಯ ಒಂದು ಹಾಸ್ಟೆಲಿನಲ್ಲಿ ಏಪ್ರಿಲ್ 14ರ ತಯಾರಿಯ ಹೊತ್ತಿಗೆ ಒಂದು ಜಗಳ ಎದ್ದಿತು. ಜಗಳ ಊಟದ್ದಲ್ಲ, ರೊಕ್ಕದ್ದೂ ಅಲ್ಲ. ಹಾಡಿನದು. ಸಿದ್ಧಲಿಂಗಯ್ಯನವರು ಬರೆದ, ನಲವತ್ತೇಳರ ಸ್ವಾತಂತ್ರ್ಯವನ್ನು ಪ್ರಶ್ನೆ ಮಾಡುವ ಆ ಹಾಡು ನಿಮಗೆಲ್ಲ ಗೊತ್ತು. ಅದನ್ನು ಕಾರ್ಯಕ್ರಮದಲ್ಲಿ ಹಾಡಬೇಕೋ, ಮೊಬೈಲಿನಿಂದ ಬಾಕ್ಸಿಗೆ ಹಚ್ಚಿ ಕೇಳಿಸಬೇಕೋ ಅನ್ನುವುದೇ ಜಗಳ. "ಸ್ಟುಡಿಯೋದಾಗ ಎಷ್ಟು ಚಂದ ಹಾಡ್ಯಾರ, ನಮ್ಮ ಒಡಕು ಗಂಟಲು ಕೇಳಿದ್ರ ಜನ ನಗ್ತಾರ" ಅಂದ ಒಬ್ಬ. "ಬಾಕ್ಸೇ ಹಾಡೋದಾದ್ರ ಸಭೆಗೆ ನಾವ್ಯಾಕ ಬರಬೇಕು, ಬಾಕ್ಸೇ ಹೋಗಿ ಕುಂದರ್ಲಿ" ಅಂದ ಇನ್ನೊಬ್ಬ. ಕಡೆಗೆ ಇಬ್ಬರೂ ನಮ್ಮ ಹತ್ತಿರ ಬಂದು "ಅಣ್ಣ, ನೀವ ಹೇಳ್ರಿ" ಅಂದರು. ಆ ಹೊತ್ತು ನಾವು ಏನೋ ಒಂದು ಹೇಳಿ ಕಳಿಸಿದೆವು. ಆದರೆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಇದು ಬರೀ ರುಚಿಯ ಪ್ರಶ್ನೆ ಅಲ್ಲ ಎಂದು ನಮಗನ್ನಿಸಿದೆ.

ಮೊದಲು ಹಾಡು ಎಲ್ಲಿಂದ ಬಂತು ಎಂಬುದನ್ನು ನೆನೆಯೋಣ. 1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ಧಲಿಂಗಯ್ಯ ಬೆಂಗಳೂರಿನಲ್ಲಿ ಹಾಸ್ಟೆಲಿನ ಅನ್ನ ಉಂಡು ಓದಿದವರು, ನಿಮ್ಮ ಹಾಗೆ. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಗ್ಗೆ ಆಡಿದ 'ಬೂಸಾ' ಮಾತಿಗೆ ಗಲಾಟೆ ಎದ್ದು, ನಮ್ಮ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಆ ಏಟು ತಿಂದ ತಲೆಮಾರೇ ಮುಂದೆ ಸಂಘಟನೆ ಕಟ್ಟಿತು. 1975ರಲ್ಲಿ 'ಹೊಲೆಮಾದಿಗರ ಹಾಡು' ಬಂತು. ಪುಸ್ತಕ ಓದಲು ಬಾರದವರ ಬಾಯಿಗೂ ಅದರ ಸಾಲುಗಳು ಬಂದವು. ಕವಿ 2021ರ ಜೂನ್ 11ರಂದು ತೀರಿಕೊಂಡರು. 2022ರಲ್ಲಿ ಸರ್ಕಾರ ಮರಣೋತ್ತರ ಪದ್ಮಶ್ರೀ ಕೊಟ್ಟಿತು. ಸ್ವಾತಂತ್ರ್ಯ ಯಾರದ್ದೆಂದು ಕೇಳಿದವನಿಗೆ ಅದೇ ಸ್ವಾತಂತ್ರ್ಯದ ಸರ್ಕಾರ ಪದಕ ಕೊಟ್ಟಿತು. ಪ್ರಶ್ನೆಗೆ ಮಾತ್ರ ಉತ್ತರ ಇನ್ನೂ ಕೊಟ್ಟಿಲ್ಲ.

ಈಗ ಎರಡು ಹಾಡಿಕೆಗಳನ್ನು ಪಕ್ಕಪಕ್ಕ ಇಟ್ಟು ಕೇಳೋಣ. ಮೊಬೈಲಿನಲ್ಲಿ ಸಿಗುವ ಸ್ಟುಡಿಯೋ ಹಾಡಿನಲ್ಲಿ ಮೊದಲು ಕೀಬೋರ್ಡು ಬರುತ್ತದೆ. ಆಮೇಲೆ ತಬಲ. ಆಮೇಲೆ ತೊಳೆದು ಒಣಗಿಸಿದಂಥ ಒಂದು ಕಂಠ. ಅಕ್ಷರ ಅಕ್ಷರ ಸ್ಪಷ್ಟ, ಶ್ರುತಿ ಸೂಜಿಯಷ್ಟೂ ಕದಲುವುದಿಲ್ಲ. ಪಲ್ಲವಿ ಬಂದಾಗ ನಾಲ್ಕು ಜನರ ಕೋರಸ್ಸು, ಅದೂ ಹೇಳಿದಷ್ಟೇ ಸಲ. ಐದಾರು ನಿಮಿಷಕ್ಕೆ ಮುಗಿಯಿತು. ಕೇಳಲಿಕ್ಕೆ ಚಂದ ಇದೆ, ಇಲ್ಲ ಅನ್ನುವುದಿಲ್ಲ.

ಇನ್ನು ಸಿರುಗುಪ್ಪದ ಕಡೆ ನಾವು ಕೇಳಿದ ಒಂದು ರಾತ್ರಿಯ ಹಾಡು. ಭತ್ತ ನಾಟಿಯ ಕಾಲ. ಇಡೀ ದಿನ ಕೆಸರಿನಲ್ಲಿ ಬಗ್ಗಿ ನಿಂತ ಹೆಣ್ಣುಮಕ್ಕಳು ಕೈಕಾಲು ತೊಳೆದು ಮಕ್ಕಳನ್ನು ಎತ್ತಿಕೊಂಡು ಕೇರಿಯ ಸಭೆಗೆ ಬಂದಿದ್ದರು. ಭಾಷಣ ಅರ್ಧಕ್ಕೆ ಬಂದಾಗ ಕರೆಂಟು ಹೋಯಿತು, ಮೈಕು ಸತ್ತಿತು. ಭಾಷಣಕಾರ ಕುಂತುಬಿಟ್ಟ. ಆಗ ಹಿಂದಿನಿಂದ ಒಬ್ಬ ಹಾಡು ಎತ್ತಿದ. ಅವನಿಗೆ ಎರಡನೆಯ ನುಡಿ ಮರೆತಿತ್ತು. ಯಾರೋ ಹೆಣ್ಣುಮಗಳು ಕತ್ತಲಲ್ಲೇ ನೆನಪು ಮಾಡಿ ಕೊಟ್ಟಳು. ಒಬ್ಬ ಹೇಳುವುದು, ನೂರು ಜನ ತಿರುಗಿ ಹೇಳುವುದು. ಹಾಡು ಪ್ರಶ್ನೆ ಕೇಳಿದಾಗಲೆಲ್ಲ ಜನ ಉತ್ತರ ಕೊಡತೊಡಗಿದರು. "ನಮಗ ಬಂದಿಲ್ಲ!" ಅಂದಿತು ಒಂದು ಕಡೆ. "ರೈಸ್ ಮಿಲ್ಲಿಗೆ ಬಂತು!" ಅಂದಿತು ಇನ್ನೊಂದು ಕಡೆ. ನಗೆ ಎದ್ದಿತು. ನಗುತ್ತಲೇ ಹಾಡು ಬಿರುಸಾಯಿತು. ಅರ್ಧ ಗಂಟೆ ನಡೆಯಿತೋ ಮುಕ್ಕಾಲು ಗಂಟೆಯೋ, ಗಡಿಯಾರ ಯಾರೂ ನೋಡಲಿಲ್ಲ.

ಈ ಎರಡರ ನಡುವಿನ ವ್ಯತ್ಯಾಸ ಇಲ್ಲಿದೆ. ಇದು ಪ್ರಶ್ನೆಯ ಹಾಡು. ಪ್ರಶ್ನೆ ಕೇಳಿದ ಮೇಲೆ ಎದುರಿಗೆ ಉತ್ತರ ಕೊಡುವವರು ಬೇಕು. ಸ್ಟುಡಿಯೋದಲ್ಲಿ ಹಾಡುಗಾರ ಗಾಜಿನ ಒಳಗೆ ಒಬ್ಬನೇ ನಿಂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಪ್ರಶ್ನೆ ಕೇಳುತ್ತಾನೆ. ಗೋಡೆ ಸುಮ್ಮನಿರುತ್ತದೆ. ತಾಳವನ್ನು ಮೊದಲೇ ರೆಕಾರ್ಡು ಮಾಡಿ ಇಟ್ಟಿರುತ್ತಾರೆ. ಅದು ಎಷ್ಟು ವೇಗದಲ್ಲಿದೆಯೋ ಅಷ್ಟೇ ವೇಗದಲ್ಲಿ ಅವನು ಹಾಡಬೇಕು. ಸಿಟ್ಟು ಬಂದರೂ ಬಿರುಸು ಮಾಡುವಂತಿಲ್ಲ, ದುಃಖ ಬಂದರೂ ನಿಧಾನ ಮಾಡುವಂತಿಲ್ಲ. ಕೋರಸ್ಸಿನವರು ಬೇರೆ ದಿನ ಬಂದು ಹಾಡಿ ಹೋಗಬಹುದು, ಅವನ ಮುಖವನ್ನೂ ಅವರು ನೋಡಿರುವುದಿಲ್ಲ. ಶ್ರುತಿಯ ವಿಷಯವೂ ಹೀಗೆಯೇ. ಅಲ್ಲಿ ಹಾಡುಗಾರನ ಗಂಟಲು ಎಲ್ಲಿ ಚಂದ ಕೇಳುತ್ತದೆ ಅಂತ ನೋಡಿ ಶ್ರುತಿ ಇಡುತ್ತಾರೆ. ಸಭೆಯಲ್ಲಿ ಎಲ್ಲರ ಗಂಟಲಿಗೂ ಎಟುಕುವ ಹಾಗೆ ಇಡಬೇಕು. ಸ್ಟುಡಿಯೋದವರ ಜೊತೆ ಹಾಡಲಿಕ್ಕೆ ಹೋಗಿ ನಿಮ್ಮ ಗಂಟಲು ಒಡೆದರೆ ತಪ್ಪು ನಿಮ್ಮದಲ್ಲ.

ಹಾಡಿನ ಅಳತೆಯೂ ಹಾಡಿನದಲ್ಲ, ಪೆಟ್ಟಿಗೆಯದು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ 10 ಇಂಚಿನ ಗ್ರಾಮಫೋನ್ ಪ್ಲೇಟಿನ ಒಂದು ಮುಖದಲ್ಲಿ ಹೆಚ್ಚುಕಡಿಮೆ 3 ನಿಮಿಷ ಮಾತ್ರ ಹಿಡಿಸುತ್ತಿತ್ತು. ಆಮೇಲೆ 60 ನಿಮಿಷದ ಕ್ಯಾಸೆಟ್ಟು ಬಂತು, ಒಂದು ಮಗ್ಗುಲಿಗೆ 30 ನಿಮಿಷ. ಅದರಲ್ಲಿ ಐದಾರು ಹಾಡು ಕೂರಿಸಬೇಕು. ಹಾಗಾಗಿ ನುಡಿ ಕತ್ತರಿಸಿದರು. ನಮ್ಮದೇ ಜಿಲ್ಲೆಯ ದರೋಜಿ ಈರಮ್ಮನವರನ್ನು ನೆನೆಯಿರಿ. ಬುಡ್ಗ ಜಂಗಮರ ಈ ತಾಯಿ ಅಕ್ಷರ ಕಲಿತವರಲ್ಲ. ಕುಮಾರರಾಮನಂಥ ದೊಡ್ಡ ದೊಡ್ಡ ಬುರ್ರಕಥೆಗಳು ಅವರ ನಾಲಗೆಯ ಮೇಲಿದ್ದವು. ಒಂದೊಂದು ಕಥೆ ರಾತ್ರಿಗಟ್ಟಲೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರ ಆಗಸ್ಟ್ 12ರಂದು ಅವರು ತೀರಿಕೊಂಡರು. ಅವರ ಕಥೆಯನ್ನು 3 ನಿಮಿಷದ ಪ್ಲೇಟಿಗೆ ಇಳಿಸಿದ್ದರೆ ಕುಮಾರರಾಮ ಹುಟ್ಟುವುದರೊಳಗೆ ಪ್ಲೇಟು ಮುಗಿದಿರುತ್ತಿತ್ತು. ಬುರ್ರಕಥೆಯಲ್ಲಿ ಒಬ್ಬರು ಹೇಳಿದರೆ ಪಕ್ಕದವರು ದನಿಗೂಡಿಸಬೇಕು. ಆ ದನಿ ಇಲ್ಲದೆ ಕಥೆ ಮುಂದೆ ನಡೆಯುವುದಿಲ್ಲ.

ಹಾಗಾದರೆ ರೆಕಾರ್ಡು ಬೇಡವೇ? ಬೇಡ ಅಂದರೆ ನಾವು ಸುಳ್ಳು ಹೇಳಿದಂತಾಗುತ್ತದೆ. ಹಿಂದೆ ಕ್ಯಾಸೆಟ್ಟು ಮಾಡಿದ ಕೆಲಸ ಸಣ್ಣದಲ್ಲ. ಸಭೆ ಮಾಡಲು ಊರಿನವರು ಬಿಡದ ಕಡೆಗೂ ಕ್ಯಾಸೆಟ್ಟು ಅಂಗಿಯ ಜೇಬಿನಲ್ಲಿ ಹೋಗುತ್ತಿತ್ತು. ಸಭೆಗೆ ಗಂಡಸರು ಕರೆದುಕೊಂಡು ಹೋಗದ ತಾಯಂದಿರು ಒಲೆಯ ಮುಂದೆ ಕುಳಿತು ಕೇಳಿದರು. ಒಂದರಿಂದ ಇನ್ನೊಂದು, ಇನ್ನೊಂದರಿಂದ ಮತ್ತೊಂದು ನಕಲಾಗಿ, ಕಡೆಗೆ ಬರೀ ಕರಕರ ಸದ್ದಾದರೂ ಕೇಳಿದರು. ಈರಮ್ಮನವರಂಥವರ ದನಿಯನ್ನು ಯಾರೂ ಹಿಡಿದಿಡದಿದ್ದರೆ ಅದು ಅವರ ಜೊತೆಗೇ ಮಣ್ಣಾಗುತ್ತಿತ್ತು. ಇಂದಿಗೂ ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲಿ ಕಾಯಿ ಬಿಡಿಸುವ ಹುಡುಗಿ ಸೆರಗಿನಲ್ಲಿ ಮೊಬೈಲು ಕಟ್ಟಿಕೊಂಡು ಈ ಹಾಡು ಕೇಳಿದರೆ, ನಿನ್ನ ಹಾಡು ಅಸಲಿ ಅಲ್ಲ ಅಂತ ಅವಳಿಗೆ ಹೇಳಲು ನಾವ್ಯಾರು? ಅವಳಿಗೆ ಬೀಜ ತಲುಪಿದ್ದು ಅದರಿಂದಲೇ. ಆದರೆ ಬೀಜವನ್ನು ಡಬ್ಬಿಯಲ್ಲೇ ಇಟ್ಟುಕೊಂಡು ಬೆಳೆ ಬಂತು ಅನ್ನಬಾರದು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಕೆಳಗೆ ನಮ್ಮ ಹಾಡುಗಳು ಚೆನ್ನಾಗಿ ರೆಕಾರ್ಡಾಗಲಿ ಅಂತ ಸಿರುಗುಪ್ಪದ ಕಡೆಯ ಒಂದು ಹಲಗೆ ಮೇಳವನ್ನು ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆವು. ಹಲಗೆಯ ಚರ್ಮ ಬೆಂಕಿಗೆ ಹಿಡಿದರೆ ಬಿಗಿಯಾಗುತ್ತದೆ, ಆಗಲೇ ಅದರ ದನಿ ಏಳುವುದು. ಏಸಿ ರೂಮಿನೊಳಗೆ ಬೆಂಕಿ ಎಲ್ಲಿ ಹಾಕುತ್ತೀರಿ? ಹೊರಗೆ ಕಾಯಿಸಿ ತಂದರೆ ಒಳಗೆ ಬರುವಷ್ಟರಲ್ಲಿ ತಣ್ಣಗಾಗಿ ಸಡಿಲ ಬೀಳುತ್ತಿತ್ತು. "ಇದರ ಸದ್ದು ಮೈಕು ತಡೆಯೋದಿಲ್ಲ" ಎಂದು ಹಲಗೆಯವರನ್ನು ಮೂಲೆಗೆ, ಆಮೇಲೆ ಬಾಗಿಲ ಹತ್ತಿರಕ್ಕೆ ಸರಿಸಿದರು. ಕಡೆಗೆ ಯಂತ್ರದಲ್ಲಿದ್ದ ಡ್ರಮ್ಮಿನ ಸದ್ದನ್ನೇ ಹಾಕಿ ಮುಗಿಸಿದರು. ಹಾಡಲು ನಿಂತ ಹಿರಿಯ ತಾತ ಹೆಡ್‌ಫೋನು ತೆಗೆದಿಟ್ಟು ಕೇಳಿದ: "ಎದುರಿಗೆ ಯಾರೂ ಇಲ್ಲಲ್ಲೋ ತಮ್ಮಾ, ಯಾರಿಗಂತ ಹಾಡ್ಲಿ?" ನಮಗೆ ಆಗ ನಗು ಬಂತು. ಈಗ ನಾಚಿಕೆ ಬರುತ್ತದೆ.

ಹಾಡುಗಳು ಹೊರಗೆ ಬಂದಾಗ ಮೇಲೆ ಸ್ಟುಡಿಯೋದ ಹೆಸರಿತ್ತು, ಸಂಗೀತ ಕೂಡಿಸಿದವರ ಹೆಸರಿತ್ತು. ಮೇಳದವರ ಹೆಸರು ಒಂದೂ ಇರಲಿಲ್ಲ. ನಾವೂ ಕೇಳಲಿಲ್ಲ. ಊರಲ್ಲಿ ಬಾಗಿಲ ಹೊರಗೆ ನಿಲ್ಲಿಸಿದರು ಅಂತ ಹೋರಾಟ ಮಾಡುವ ನಾವು, ನಮ್ಮವರನ್ನು ನಮ್ಮ ಕಣ್ಣೆದುರೇ ಬಾಗಿಲ ಬಳಿ ನಿಲ್ಲಿಸಿದ್ದನ್ನು ನೋಡುತ್ತಾ ನಿಂತಿದ್ದೆವು. ಇದು ಆತ್ಮವಿಮರ್ಶೆಯ ಮಾತು, ಸುಮ್ಮನೆ ಬರೆದದ್ದಲ್ಲ.

ಹಲಗೆಯ ಬಗ್ಗೆ ಇನ್ನೊಂದು ಮಾತು. ಊರ ಹೆಣಕ್ಕೆ, ಊರ ದೇವರಿಗೆ ಬಿಟ್ಟಿಯಾಗಿ ಹಲಗೆ ಬಡಿಯುವುದಿಲ್ಲ ಎಂದು ನಿಂತದ್ದಕ್ಕೆ ಎಷ್ಟೋ ಕೇರಿಗಳು ಬಹಿಷ್ಕಾರ ಉಂಡಿವೆ. ಆ ನಿಲುವು ಸರಿ. ಅದರಿಂದ ಹಿಂದೆ ಬರುವ ಪ್ರಶ್ನೆಯೇ ಇಲ್ಲ. ಆದರೆ ಕೈ ಬಿಡಬೇಕಾದದ್ದು ಬಿಟ್ಟಿಯನ್ನು, ಬಾರಿಸುವುದನ್ನಲ್ಲ. ಗೌಡರ ಹೆಣದ ಮುಂದೆ ತಲೆ ತಗ್ಗಿಸಿ ಬಡಿದ ಅದೇ ಹಲಗೆ ನಮ್ಮ ಮೆರವಣಿಗೆಯಲ್ಲಿ ತಲೆ ಎತ್ತಿ ಬಡಿದಾಗ ಬೇರೆಯೇ ಮಾತಾಡುತ್ತದೆ. ಚರ್ಮ ಅದೇ, ಕೋಲು ಅದೇ. ಯಾರ ಎದುರಿಗೆ, ಯಾರ ಸಲುವಾಗಿ ಎಂಬುದು ಬದಲಾಗಿದೆ. ಹಾಡಿಗೂ ಇದೇ ಮಾತು ಅನ್ವಯ. ಇಂದು ಜಯಂತಿಗೆ ಡಿಜೆಗೆ ಸಾವಿರಗಟ್ಟಲೆ ಎಣಿಸಿ ಕೊಡುತ್ತೇವೆ, ಹಲಗೆಯವರಿಗೆ ಒಂದು ಊಟ ಹಾಕಿ ಕಳಿಸುತ್ತೇವೆ. ಇದೂ ಬಿಟ್ಟಿಯಲ್ಲದೆ ಮತ್ತೇನು?

ಕಾಯ್ದೆಯ ಮಾತನ್ನೂ ತಿಳಿದಿಡಿ, ಓದಿದವರು ನೀವು. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಆದ ತಿದ್ದುಪಡಿಯಿಂದ ಹಾಡುವವರಿಗೂ ಬಾರಿಸುವವರಿಗೂ ಅವರದೇ ಹಕ್ಕು ಬಂದಿದೆ. ಅದು 50 ವರ್ಷ ನಡೆಯುತ್ತದೆ. ಅವರ ಒಪ್ಪಿಗೆ ಇಲ್ಲದೆ ಅವರ ಹಾಡಿಕೆಯನ್ನು ರೆಕಾರ್ಡು ಮಾಡಿ ಮಾರುವಂತಿಲ್ಲ. 2012ರ ತಿದ್ದುಪಡಿ, ಹಾಡಿದವರು ನಾವೇ ಎಂದು ಹೆಸರು ಹೇಳಿಸಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಸಹಿ ಹಾಕುವ ಮುಂಚೆ ಕಾಗದವನ್ನು ಮೇಳದವರಿಗೆ ಓದಿ ಹೇಳುವ ಕೆಲಸ ನಿಮ್ಮದು. ನಾಲ್ಕು ಅಕ್ಷರ ಕಲಿತದ್ದು ಇಂಥದ್ದಕ್ಕೇ.

ಹಾಸ್ಟೆಲಿನ ಗೆಳೆಯರು ಕೇಳಿದ ಪ್ರಶ್ನೆಗೆ ಈಗ ನಮ್ಮ ಉತ್ತರ ಹೇಳುತ್ತೇವೆ. ಸ್ಟುಡಿಯೋ ಹಾಡನ್ನು ಕೇಳಿರಿ. ರೂಮಿನಲ್ಲಿ ಹಾಕಿಕೊಂಡು ನುಡಿ ಕಲಿಯಿರಿ, ಉಚ್ಚಾರ ತಿದ್ದಿಕೊಳ್ಳಿರಿ. ಪುಸ್ತಕ ಪಕ್ಕಕ್ಕಿಟ್ಟು ಯಾವ ನುಡಿ ಬಿಟ್ಟಿದ್ದಾರೆ ನೋಡಿರಿ, ಬಿಟ್ಟದ್ದು ಯಾಕೆ ಎಂದೂ ಯೋಚಿಸಿರಿ. ಆದರೆ ಸಭೆಯ ದಿನ ಬಾಕ್ಸು ಬಂದ್ ಮಾಡಿರಿ. ನೀವೇ ಹಾಡಿರಿ. ಗಂಟಲು ಒಡೆದರೆ ಒಡೆಯಲಿ, ಪಕ್ಕದವನು ಹಿಡಿದುಕೊಳ್ಳುತ್ತಾನೆ. ನುಡಿ ಮರೆತರೆ ಜನರೊಳಗಿಂದ ಯಾರಾದರೂ ಎತ್ತಿಕೊಡುತ್ತಾರೆ. ಹಾಗೆ ಎತ್ತಿಕೊಡುವವರು ಇದ್ದಾರೋ ಇಲ್ಲವೋ ಎಂದು ತಿಳಿಯುವುದಕ್ಕೇ ಸಭೆ ಮಾಡುವುದು. ಬಾಕ್ಸು ಹಾಡಿದರೆ ಜನ ಕೇಳುತ್ತಾರೆ, ಮುಗಿದ ಮೇಲೆ ಚಪ್ಪಾಳೆ ಹೊಡೆಯುತ್ತಾರೆ, ಎದ್ದು ಹೋಗುತ್ತಾರೆ. ತಾವೇ ಹಾಡಿದ ಹಾಡನ್ನು ಮನೆಗೆ ಒಯ್ಯುತ್ತಾರೆ.

ರಜೆಗೆ ಊರಿಗೆ ಹೋದಾಗ ಇನ್ನೊಂದು ಕೆಲಸ ಮಾಡಿರಿ. ಕೇರಿಯ ಅಜ್ಜಿ, ತಾತಂದಿರ ಹಾಡನ್ನು ಅವರ ಕಟ್ಟೆಯ ಮೇಲೆ, ಅವರ ಜನರ ನಡುವೆ, ಅವರ ಒಪ್ಪಿಗೆ ಕೇಳಿ ಮೊಬೈಲಿನಲ್ಲಿ ಹಿಡಿಯಿರಿ. ನಡುವೆ ಕೆಮ್ಮು ಬಂದರೆ ಇರಲಿ. ಮಗು ಅತ್ತರೆ, ನಾಯಿ ಬೊಗಳಿದರೆ ಇರಲಿ. ಕತ್ತರಿಸಬೇಡಿರಿ. ಹಾಡಿದವರು ಯಾರು, ಬಾರಿಸಿದವರು ಯಾರು, ಯಾವ ಊರು, ಯಾವ ದಿನ ಎಂದು ಒಂದು ಹಾಳೆಯಲ್ಲಿ ಬರೆದಿಡಿರಿ. ಅದನ್ನು ಅವರಿಗೇ ಮೊದಲು ಕೇಳಿಸಿರಿ. ಇಷ್ಟು ಮಾಡಲು ಯಾವ ಸ್ಟುಡಿಯೋವೂ ಬೇಕಿಲ್ಲ.

ಆ ತಾತನ ಪ್ರಶ್ನೆಗೆ ನಾವು ಇನ್ನೂ ಉತ್ತರ ಕೊಟ್ಟಿಲ್ಲ. ಯಾರಿಗಂತ ಹಾಡ್ಲಿ ಅಂತ ಅವನು ಕೇಳಿದ್ದ. ಮುಂದಿನ ಸಭೆಗೆ ಅವನನ್ನೂ ಅವನ ಮೇಳವನ್ನೂ ಕರೆಯುತ್ತಿದ್ದೇವೆ. ಈ ಸಲ ಮೇಳದವರೆಲ್ಲರ ಹೆಸರು ಕರಪತ್ರದಲ್ಲಿ ಭಾಷಣಕಾರರ ಹೆಸರಿನ ಪಕ್ಕದಲ್ಲೇ ಇರುತ್ತದೆ. ಹಲಗೆ ಕಾಯಿಸಲು ವೇದಿಕೆಯ ಮುಂದೆಯೇ ಬೆಂಕಿ ಹಾಕುತ್ತೇವೆ. ನೀವೆಲ್ಲ ಬಂದು ಎದುರಿಗೆ ಕುಂತರೆ ಅವನ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಜೈ ಭೀಮ್.