ಚಿತ್ರಕಾರ ಪ್ರಾಣಿಯನ್ನು ನೋಡಿದ್ದನೇ?

ಸಸ್ತನಿಗಳ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಹಳೆಯ ಕಾಲದ ಪ್ರಾಣಿಚಿತ್ರಗಳ ಪ್ರತಿಗಳನ್ನು ತರುತ್ತಾರೆ. ಚಿತ್ರಗಳು ಸೊಗಸಾಗಿರುತ್ತವೆ. ಆದರೆ ‘ಇದು ಕಾಂಗರೂ, ಹೊಟ್ಟೆಚೀಲದ ಪ್ರಾಣಿ’ ಎಂದು ಹೇಳಿ ಮಡಚಿಟ್ಟರೆ ಬೋಧನೋಪಕರಣ ಬರೀ ಅಲಂಕಾರವಾಗುತ್ತದೆ. ಚಿತ್ರಕಾರ ಈ ಪ್ರಾಣಿಯನ್ನು ನೋಡಿದ್ದನೇ ಎಂಬುದು ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ಇಂಗ್ಲೆಂಡಿನ ಜಾರ್ಜ್ ಸ್ಟಬ್ಸ್ 1772ರಲ್ಲಿ ಕಾಂಗರೂವಿನ ಚಿತ್ರ ಬಿಡಿಸಿದ್ದು ಜೀವಂತ ಪ್ರಾಣಿಯನ್ನು ಕಂಡಲ್ಲ. ಕುಕ್‌ನ ನೌಕಾಯಾನದಿಂದ ಬಂದ ಚರ್ಮವನ್ನು ಆಧರಿಸಿ. ಇದನ್ನು ತಿಳಿದ ವಿದ್ಯಾರ್ಥಿ ಆ ಚಿತ್ರವನ್ನು ಇಂದಿನ ಫೋಟೊದ ಪಕ್ಕದಲ್ಲಿಟ್ಟು ಕಿವಿ, ಮುಂಗಾಲು, ನಿಲುವುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಾನೆ. ಕಲಿಕೆ ಅಲ್ಲಿದೆ.

ಕಾಂಗರೂವನ್ನು ನಮ್ಮ ಮಕ್ಕಳೂ ನೋಡಿಲ್ಲ. ಆದ್ದರಿಂದ ಪಾಠ ಊರಿಗೆ ಮರಳಬೇಕು. ಧಾರವಾಡ ಭಾಗದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದರು. ಕನ್ನಡಿಗರು, ವಡ್ಡರ ಸಮುದಾಯದವರು ಕರೆಯುವ ಹೆಸರುಗಳನ್ನೂ ಅದರಲ್ಲಿ ದಾಖಲಿಸಿದರು. ಇಲ್ಲಿನ ಪೊದೆಯಿಲಿಯ ಶಾಸ್ತ್ರೀಯ ಹೆಸರು ‘ಗೊಲುಂಡ ಎಲಿಯೋಟಿ’. ಮೊದಲ ಪದ ನಮ್ಮ ‘ಗುಲಂದಿ’, ಎರಡನೆಯದು ಅವರ ಹೆಸರು. ಹೊಲದಲ್ಲಿ ಕಣ್ಣಾರೆ ಕಂಡವರ ಮಾತು ಹೀಗೆ ವಿಜ್ಞಾನಕ್ಕೆ ಸೇರಿತು.

ಪಾಠಯೋಜನೆಯ ಕೊನೆಯ ಹತ್ತು ನಿಮಿಷ ಮಕ್ಕಳೇ ಅಳಿಲಿನ ಚಿತ್ರ ಬಿಡಿಸಲಿ. ರಾಮನ ಕಥೆ ಕೇಳಿದವರು ಬೆನ್ನಿಗೆ ಮೂರು ಪಟ್ಟೆ ಎಳೆಯುತ್ತಾರೆ. ತಪ್ಪು, ಸರಿ ಎನ್ನಬೇಡಿ. ಮೂರೋ ಐದೋ, ಶಾಲೆಯ ಗಿಡದಲ್ಲಿರುವುದನ್ನು ನಾಳೆ ಎಣಿಸಿ ಬನ್ನಿ ಎನ್ನಿ. ಪಾಠವೀಕ್ಷಣೆಗೆ ಬರುವ ನಾವೂ ಚಾರ್ಟಿನ ಅಂದಕ್ಕಲ್ಲ, ಆ ಎಣಿಕೆಗೆ ಅಂಕ ಕೊಡೋಣ.